ಮುಯ್ಯಾಳು ಹೊದಿಸಿದ ಮನೆಗಳ ಊರು

ಜಪಾನ್ ಎಂದೊಡನೆ ನೆನಪಾಗುವುದು ಬುಲೆಟ್ ರೈಲು, ಟೋಕಿಯೋದ ಜನಜಂಗುಳಿ, ಎಲೆಕ್ಟ್ರಾನಿಕ್ ಸಾಮಾನು. ಒಂದು ವರ್ಷದ ವಿನಿಮಯ ವ್ಯಾಸಂಗಕ್ಕೆಂದು ಹೋದ ವಿದ್ಯಾರ್ಥಿಯ ಕಣ್ಣಿಗೂ ಮೊದಲು ಬೀಳುವುದು ಇವೇ. ಇನ್ನೊಂದು ಜಪಾನ್ ಕಾಣಬೇಕಾದರೆ ನಗೋಯಾದಲ್ಲಿ ರೈಲು ಹತ್ತಿ ಉತ್ತರದ ಬೆಟ್ಟಗಳತ್ತ ಅಧ್ಯಯನ ಪ್ರವಾಸ ಹೊರಡಬೇಕು.

ತಕಯಾಮಾ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಬಸ್ಸು. 2008ರಲ್ಲಿ ತೆರೆದ 10.7 ಕಿ.ಮೀ. ಉದ್ದದ ಹಿಡಾ ಸುರಂಗವನ್ನು ದಾಟಿದರೆ ಗಿಫು ಪ್ರಾಂತ್ಯದ ಶಿರಕಾವಾ-ಗೋ. ಶೋ ನದಿಯ ದಡದಲ್ಲಿ, ಗದ್ದೆಗಳ ನಡುವೆ ನಿಂತಿರುವ ಇಲ್ಲಿನ ಓಗಿಮಾಚಿ ಹಳ್ಳಿಯನ್ನು, ನೆರೆಯ ತೊಯಾಮಾ ಪ್ರಾಂತ್ಯದ ಐನೊಕುರಾ ಮತ್ತು ಸುಗನುಮಾ ಹಳ್ಳಿಗಳೊಂದಿಗೆ ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೈಮುಗಿದ ಮನೆಗಳು

ಈ ಮನೆಗಳ ಶೈಲಿಗೆ ‘ಗಾಶೋ-ಝುಕುರಿ’ ಎಂದು ಹೆಸರು. ‘ಗಾಶೋ’ ಎಂದರೆ ಪ್ರಾರ್ಥನೆಗೆ ಜೋಡಿಸಿದ ಕೈಗಳು. ಹುಲ್ಲಿನ ಚಾವಣಿ ಹಾಗೆಯೇ ಕಡಿದಾಗಿ ಇಳಿಯುತ್ತದೆ. ಆಳೆತ್ತರ ಬೀಳುವ ಹಿಮ ಜಾರಿಹೋಗಲು ಇದೇ ಉಪಾಯ. ಚಾವಣಿಯ ಚೌಕಟ್ಟಿಗೆ ಮೊಳೆ ಹೊಡೆದಿಲ್ಲ. ಹಗ್ಗ ಮತ್ತು ಹಸಿ ಕೊಂಬೆಗಳಿಂದ ಬಿಗಿದಿದ್ದಾರೆ.

ಸಂಸಾರವೆಲ್ಲ ಕೆಳಗೆ. ಮೇಲಿನ ಎರಡು ಮೂರು ಅಂತಸ್ತಿನ ಅಟ್ಟ ರೇಷ್ಮೆಹುಳುವಿಗೆ ಮೀಸಲಾಗಿತ್ತು. ಕೆಳಗಿನ ಒಲೆಯ ಶಾಖ ಹುಳುಗಳನ್ನು ಬೆಚ್ಚಗಿಟ್ಟರೆ, ಹೊಗೆ ಮರ ಮತ್ತು ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ನೆಲದಡಿಯ ಗುಂಡಿಗಳಲ್ಲಿ ಮಣ್ಣು, ಸೊಪ್ಪು, ರೇಷ್ಮೆಹುಳುವಿನ ಹಿಕ್ಕೆ ಬೆರೆಸಿ ವರ್ಷಗಟ್ಟಲೆ ಕೊಳೆಸಿ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಉಳುವ ಭೂಮಿ ಕಡಿಮೆಯಿದ್ದ ಕಣಿವೆಗೆ ಮನೆಯೇ ಕಾರ್ಖಾನೆ!

ರಾಮನಗರ, ಕೋಲಾರದ ಕಡೆಯ ವಿದ್ಯಾರ್ಥಿಗೆ ಈ ಅಟ್ಟ ಹೊಸದೆನಿಸದು. ಮನೆಯೊಳಗೇ ಹುಳು ಸಾಕುವ ಬದುಕು ಅಲ್ಲಿಯೂ ಉಂಟು. 1990ರ ದಶಕದಲ್ಲಿ ಜಪಾನಿ ತಜ್ಞರು ಮೈಸೂರಿಗೆ ಬಂದು ದ್ವಿತಳಿ ರೇಷ್ಮೆಯ ತಂತ್ರಜ್ಞಾನ ಬೆಳೆಸಲು ನೆರವಾದರು. ಶಿರಕಾವಾದ ಅಟ್ಟಗಳಲ್ಲಿ ಮಾತ್ರ ಹುಳು ಸಾಕಣೆ ನಿಂತುಹೋಗಿದೆ. ಕೆಲವು ಮನೆಗಳಲ್ಲಿ ಅದರ ಸಲಕರಣೆಗಳು ಪ್ರದರ್ಶನಕ್ಕಿವೆ.

ಯುಯಿ ಎಂಬ ಮುಯ್ಯಿ

ಹುಲ್ಲಿನ ಚಾವಣಿಯನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹೊಸದಾಗಿ ಹೊದಿಸಬೇಕು. ಒಂದು ಕುಟುಂಬದಿಂದ ಆಗುವ ಕೆಲಸವಲ್ಲ. ಊರಿನ ನೂರಾರು ಜನ ಸೇರಿ ಒಂದೆರಡು ದಿನದಲ್ಲಿ ಒಂದು ಪಾರ್ಶ್ವವನ್ನು ಹೊದಿಸುತ್ತಾರೆ. ಕೂಲಿಯಿಲ್ಲ, ಇಂದು ನಿನ್ನ ಮನೆ, ನಾಳೆ ನನ್ನ ಮನೆ. ಇದಕ್ಕೆ ಅಲ್ಲಿನ ಹೆಸರು ‘ಯುಯಿ’. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಬೇರೆ ವಿವರಣೆ ಬೇಡ.

ಈ ಊರು ಉಳಿದದ್ದು ಸುಲಭವಾಗಿ ಅಲ್ಲ. 1961ರಲ್ಲಿ ಪೂರ್ಣಗೊಂಡ ಮಿಬೋರೋ ಅಣೆಕಟ್ಟೆಯಿಂದ ಮೇಲ್ಕಣಿವೆಯ ಹಳ್ಳಿಗಳು ಮುಳುಗಿದವು. ಅನೇಕ ಮನೆಗಳನ್ನು ಬಿಚ್ಚಿ ನಗರಗಳಿಗೆ ಸಾಗಿಸಿದರು. ಕಣ್ಣೆದುರೇ ಊರು ಕರಗುವುದನ್ನು ಕಂಡ ಓಗಿಮಾಚಿಯ ಜನ 1971ರಲ್ಲಿ ಸಂಘ ಕಟ್ಟಿಕೊಂಡು ಮೂರು ಕಟ್ಟಳೆ ಹಾಕಿಕೊಂಡರು: ಮನೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಯುನೆಸ್ಕೋ ಬಂದದ್ದು ಇದಾದ 24 ವರ್ಷಗಳ ನಂತರ ಎಂಬುದು ಗಮನಾರ್ಹ.

ಹದಿನೈದಕ್ಕೆ ಊರು ಬಿಡುವ ಮಕ್ಕಳು

ಮನೆಗಳೇನೋ ಉಳಿದವು, ಮನೆಯ ಮಕ್ಕಳು? ಶಿರಕಾವಾದಲ್ಲಿ ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣಕ್ಕೆ ಶಾಲೆಯುಂಟು, ಆಮೇಲೆ ಓದಲು ಪ್ರೌಢಶಾಲೆಯಿಲ್ಲ. ಹದಿನೈದು ತುಂಬಿದ ಮಕ್ಕಳಲ್ಲಿ ಬಹುಪಾಲು ಹಾಸಿಗೆ ಕಟ್ಟಿಕೊಂಡು ತಕಯಾಮಾದಂಥ ಊರುಗಳಿಗೆ ಹೊರಡಬೇಕು. ಓದು ಮುಗಿದ ಮೇಲೆ ಎಲ್ಲರೂ ಮರಳುವುದಿಲ್ಲ. ಸುಮಾರು ಒಂದೂವರೆ ಸಾವಿರ ಜನಸಂಖ್ಯೆಯ ಈ ಗ್ರಾಮಕ್ಕೆ 2019ರಲ್ಲಿ ಬಂದ ಪ್ರವಾಸಿಗಳು 17 ಲಕ್ಷಕ್ಕೂ ಹೆಚ್ಚು. ಸಂಜೆಯ ಬಸ್ಸಿಗೆ ಅವರೆಲ್ಲ ಹೋಗುತ್ತಾರೆ. ಚಾವಣಿ ಹತ್ತಲು ಬೇಕಾದವರು ಉಳಿಯುವವರು.

ಈಗ ಹೊದಿಕೆಯ ಕೆಲಸಕ್ಕೆ ಸರ್ಕಾರದ ಧನಸಹಾಯವಿದೆ, ಗುತ್ತಿಗೆಗೂ ಕೊಡುತ್ತಾರೆ, ಹೊರಗಿನ ಸ್ವಯಂಸೇವಕರೂ ಬರುತ್ತಾರೆ. ಆದರೆ ಹುಲ್ಲಿನ ಕಟ್ಟು ಬಿಗಿಯುವ ಹದ ಪುಸ್ತಕದಿಂದ ಬರುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ತನ್ನ ಮನೆಯ ಹೊದಿಕೆ ನೋಡಿದ ಹುಡುಗ, ಅದೇ ಮನೆಯ ಮುಂದಿನ ಸರದಿಗೆ ನಲವತ್ತು ದಾಟಿರುತ್ತಾನೆ. ಅಂದು ಊರಿನಲ್ಲಿ ಇರುತ್ತಾನೆಯೇ ಎಂಬುದೇ ಪ್ರಶ್ನೆ. ಮಗನನ್ನೋ ಮಗಳನ್ನೋ ಓದಿಗೆಂದು ಸಮುದ್ರದಾಚೆ ಕಳಿಸಿದ ನಮ್ಮ ತಂದೆತಾಯಿಗಳಿಗೂ ಈ ಪ್ರಶ್ನೆ ತೀರಾ ಅಪರಿಚಿತವಲ್ಲ.

ಹೋಗುವವರಿಗೆ

ಶಿರಕಾವಾಕ್ಕೆ ಹೋಗುವ ವಿದ್ಯಾರ್ಥಿಗಳು ಒಂದು ರಾತ್ರಿಯಾದರೂ ಗಾಶೋ ಮನೆಯಲ್ಲಿ ತಂಗುವುದು ಒಳ್ಳೆಯದು, ಮೊದಲೇ ಕಾಯ್ದಿರಿಸಬೇಕು. ಇವು ಜನ ವಾಸಿಸುವ ಮನೆಗಳು. ಅಂಗಳಕ್ಕೆ, ಗದ್ದೆಗೆ ಕೇಳದೆ ಕಾಲಿಡಬಾರದು. ಹುಲ್ಲಿನ ಊರಿಗೆ ಬೆಂಕಿಯೇ ದೊಡ್ಡ ವೈರಿ. ಶರತ್ಕಾಲದ ಕೊನೆಗೆ ಊರವರು ನೀರಿನ ಫಿರಂಗಿಗಳನ್ನೆಲ್ಲ ಒಮ್ಮೆಲೇ ತೆರೆದು ತಾಲೀಮು ನಡೆಸುತ್ತಾರೆ. ಆಗ ಇಡೀ ಹಳ್ಳಿ ಕಾರಂಜಿಗಳ ನಡುವೆ ಮರೆಯಾಗುವ ನೋಟ ಬಲು ಸೊಗಸು.