ಅಳುವುದಕ್ಕೊಂದು ಟಿಕೆಟ್ಟು

ದೊಡ್ಡಪ್ಪ ತೀರಿಕೊಂಡಾಗ ದೊಡ್ಡವ್ವ ಅಳಲಿಲ್ಲ ಎಂಬ ಮಾತು ಭೀಮನಬೀಡಿನಲ್ಲಿ ಬಹಳ ಕಾಲ ಓಡಾಡಿತು. ಅಳುವುದಕ್ಕೆ ಅವಳಿಗೆ ಪುರಸೊತ್ತಾದರೂ ಎಲ್ಲಿತ್ತು? ಬಂದವರಿಗೆ ಚಾಪೆ ಹಾಸಬೇಕು, ತಮಟೆಯವರಿಗೆ ದುಡ್ಡು ಹೊಂದಿಸಬೇಕು, ಸುದ್ದಿ ತಡವಾಗಿ ಮುಟ್ಟಿಸಿದರೆಂದು ಮುನಿಸಿಕೊಂಡ ನಾದಿನಿಯನ್ನು ಸಮಾಧಾನ ಮಾಡಬೇಕು. ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ಹಸುವಿಗೆ ಹುಲ್ಲು ಹಾಕಿಲ್ಲವೆಂದು ನೆನಪಾಗಿ ಹಿತ್ತಲಿಗೆ ಹೋದಳು. ‘ಕಲ್ಲೆದೆ ಕಣವ್ವ’ ಅಂದರು ಹೆಂಗಸರು. ಹಾಗೆ ಅಂದವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ಟೆಂಟಿನಲ್ಲಿ ಇವಳ ಪಕ್ಕದಲ್ಲೇ ಕೂತು ‘ಕಸ್ತೂರಿ ನಿವಾಸ’ ನೋಡಿದವರು. ಈ ಕಲ್ಲೆದೆ ಅಲ್ಲಿ ಸೆರಗು ಹಿಂಡುವಷ್ಟು ಅತ್ತದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1971ರಲ್ಲಿ ದೊರೈ–ಭಗವಾನ್ ಜೋಡಿ ತೆಗೆದ ಆ ಚಿತ್ರದ ಕೊನೆ ನಮ್ಮ ಕಡೆಯವರಿಗೆ ಬಾಯಿಪಾಠ. ಕೊಟ್ಟು ಕೊಟ್ಟು ಬರಿಗೈಯಾದ ರಾಜಕುಮಾರ್, ಮನೆಗೆ ಬಂದವರಿಗೆ ಊಟ ಹಾಕುವುದಕ್ಕಾಗಿ ಸಾಕಿದ ಪಾರಿವಾಳವನ್ನೂ ಕಳೆದುಕೊಂಡಿರುತ್ತಾರೆ. ಬಂದವರು ಉಂಡು ಕೇಳುವುದು ಅದೇ ಪಾರಿವಾಳವನ್ನು! ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗ ದೀಪ ಹತ್ತುತ್ತಿತ್ತು. ಹತ್ತಿದ ಕೂಡಲೇ ಹೆಂಗಸರ ಕಡೆ ಮೂಗು ಸೀಟುವ ಸದ್ದು, ಗಂಡಸರ ಕಡೆ ಕಾರಣವಿಲ್ಲದ ಕೆಮ್ಮು. ಕಡ್ಲೆಕಾಯಿಯವನಿಗೆ ಅದೇ ಒಳ್ಳೆಯ ವ್ಯಾಪಾರದ ಹೊತ್ತು. ದೀಪ ಆರಿದರೆ ಎಲ್ಲರೂ ಬಿಟ್ಟಲ್ಲಿಂದ ಅಳು ಮುಂದುವರಿಸುತ್ತಿದ್ದರು.

ರಾಜಕುಮಾರ್ ನಮಗೆ ದೂರದವರೂ ಅಲ್ಲ. ಗಾಜನೂರು ನಕಾಶೆಯಲ್ಲಿ ತಮಿಳುನಾಡು, ಮಾತಿನಲ್ಲಿ ಚಾಮರಾಜನಗರ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಆ ಊರಿಂದಲೇ ಕಾಡಿಗೆ ಕರೆದೊಯ್ದಾಗ ದೊಡ್ಡವ್ವ ಹಿಮವದ್ ಗೋಪಾಲಸ್ವಾಮಿಗೆ ಹರಕೆ ಹೊತ್ತಳು. 108 ದಿನದ ಮೇಲೆ ಅವರು ಬಿಡುಗಡೆಯಾದರು, ಇವಳು ಬೆಟ್ಟ ಹತ್ತಿ ಹರಕೆ ತೀರಿಸಿ ಬಂದಳು. ಗಂಡನಿಗೆ ಜ್ವರ ಬಂದರೆ ಕಷಾಯ ಕಾಯಿಸಿಟ್ಟು ಹೊಲಕ್ಕೆ ಹೋಗುತ್ತಿದ್ದವಳು. ಇವಳೊಬ್ಬಳೇ ಹೀಗೆ ಎಂದೇನಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಫ್ಲೆಕ್ಸಿನ ಮುಂದೆ ತಲೆ ಬೋಳಿಸಿಕೊಂಡು ಕೂತ ಹುಡುಗರನ್ನು ಕಂಡಿದ್ದೇನೆ. ಸ್ವಂತ ತಾತನ ಸಾವಿಗೆ ಕ್ರಾಪು ಕೆಡುತ್ತದೆಂದು ತಪ್ಪಿಸಿಕೊಂಡವರೂ ಅವರಲ್ಲಿದ್ದರು.

ಅಳದ ಮನೆಗಳಲ್ಲಿ ದುಃಖ ಎಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಾದದ್ದು ದೊಡ್ಡಪ್ಪನ ತಿಥಿಯ ಹಿಂದಿನ ರಾತ್ರಿ. ಗುಂಡ್ಲುಪೇಟೆ ಸೀಮೆ ಅಂದರೆ ಸಣ್ಣ ಈರುಳ್ಳಿ, ಅರಿಸಿನ, ಚೆಂಡುಹೂವಿನ ಸೀಮೆ. ಊರಿಗೆಲ್ಲ ಊಟವೆಂದ ಮೇಲೆ ಸಣ್ಣ ಈರುಳ್ಳಿ ಮೂಟೆಗಟ್ಟಲೆ ಬಿಡಿಸಬೇಕು. ಅದೋ ಹೆಬ್ಬೆರಳಿನ ಉಗುರು ಸಂದಿಗೆ ಉರಿ ಹತ್ತಿಸುವ ಕೆಲಸ. ಹಜಾರದಲ್ಲಿ ಹೆಂಗಸರು ಗುಂಪು ಕಟ್ಟಿ ಕೂತಿದ್ದರು, ನಡುವೆ ದೊಡ್ಡವ್ವ. ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಯಾವ ನೀರು ಯಾವುದಕ್ಕೆ ಎಂದು ವಿಂಗಡಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ದೊಡ್ಡವ್ವ ತನ್ನ ಪಾಲು ಮುಗಿಸಿ, ‘ನಿನ್ ಕೈಲಾಗಲ್ಲ, ಇತ್ತ ಕೊಡು’ ಎಂದು ನಾದಿನಿಯ ಮೊರಕ್ಕೂ ಕೈ ಹಾಕಿದಳು. ಆಮೇಲೆ ಪಕ್ಕದ ಮನೆಯವಳ ಮೊರಕ್ಕೆ. ಸರಿರಾತ್ರಿಯವರೆಗೂ ಬಿಡಿಸಿದಳು.

ಇದೆಲ್ಲ ಮತ್ತೆ ನೆನಪಾದದ್ದು ‘ತಿಥಿ’ ಚಿತ್ರದಿಂದ. ಮಂಡ್ಯದ ನೊದೆಕೊಪ್ಪಲಿನಲ್ಲಿ, ಬಣ್ಣ ಹಚ್ಚಿ ಗೊತ್ತಿಲ್ಲದ ಹಳ್ಳಿಯವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ. ಕಥೆಯಲ್ಲಿ ಜೊತೆಯಾದ ಈರೇಗೌಡ ಆ ಊರಿನ ನಂಟಿದ್ದವರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು, ಮರುವರ್ಷ ಇಲ್ಲಿ ಬಿಡುಗಡೆಯಾಯಿತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ; ಹನ್ನೊಂದನೇ ದಿನದ ಊಟದೊಳಗೆ ಮೊಮ್ಮಗನಿಗೆ ಜಮೀನು ಮಾರುವ ಚಿಂತೆ, ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ಅಂವ ಬ್ರಾಂದಿ ಕುಡಿದುಕೊಂಡು ತಿರುಗುತ್ತಾನೆ. ಮೊಬೈಲನ್ನು ರಾಗಿ ಡಬ್ಬಕ್ಕೆ ಒರಗಿಸಿ ದೊಡ್ಡವ್ವನಿಗೆ ತೋರಿಸಿದೆ.

‘ಇದ್ಯಾವ ಸಿನಿಮಾ ಮೊಗ? ನಮ್ ಬೀದಿ ಕಂಡಂಗದ. ಒಬ್ರೂ ಅಳಾದಿಲ್ವಲ್ಲ!’

ನನಗೆ ಆ ಚಿತ್ರ ಹಿಡಿಸಿರುವುದೇ ಅದಕ್ಕೆ. ಪಾತ್ರಗಳೇ ನಮ್ಮ ಪರವಾಗಿ ಅತ್ತು ಮುಗಿಸಿದರೆ ನೋಡುವವರಿಗೆ ಏನು ಉಳಿಯುತ್ತದೆ? ಮುಂದೆ ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ತನ್ನ ಹಳೇ ಸಂಸಾರದ ಕಥೆ ಹೇಳುತ್ತಾನೆ, ನಿನ್ನೆ ಮಳೆ ಬಂತು ಎನ್ನುವ ದನಿಯಲ್ಲಿ. ಊರು ಊರು ತಿರುಗುವ ಕಾಲಿನ ಹಿಂದೆ ಎಂಥ ಗಾಯವಿದೆ ಎಂದು ಅಲ್ಲಿಯವರೆಗೆ ಗೊತ್ತಾಗುವುದಿಲ್ಲ. ಅಷ್ಟು ಹೊತ್ತೂ ಹೂಂಗುಟ್ಟುತ್ತಿದ್ದ ದೊಡ್ಡವ್ವ, ‘ಲೈಟ್ ಆರ್ಸು ಮೊಗ, ಕಣ್ಣಿಗ್ ಚುಚ್ತದ’ ಅಂದಳು. ಆರಿಸಿದೆ. ಸ್ವಲ್ಪ ಹೊತ್ತಿನ ಮೇಲೆ, ‘ನಿಮ್ ದೊಡ್ಡಪ್ಪನೂ ಹಿಂಗೇಯಾ. ಸಾಯೋಗಂಟ ಸಾರಿಗ್ ಉಪ್ಪು ಕಮ್ಮಿ ಅಂತ ಒಂದ್ ಕಿತ ಅನ್ನಲಿಲ್ಲ. ಅಂದಿದ್ರೆ ನಾನೂ ಎಲ್ಡು ಅಂತಿದ್ದಿ’ ಎಂದಳು. ಜಗಳವಾಡದೆ ಹೋದ ಗಂಡನ ಮೇಲೆ ಅವಳಿಗೆ ಇಷ್ಟು ವರ್ಷದ ಸಿಟ್ಟು ಬಾಕಿ ಇತ್ತು.

ಅಷ್ಟಕ್ಕೆ ರುಚಿ ಹತ್ತಿತೇನೋ, ‘ಇನ್ಯಾವ್ದಾರ ಅದಾ?’ ಎಂದು ಕೇಳತೊಡಗಿದಳು. ‘777 ಚಾರ್ಲಿ’ ಬಗ್ಗೆ ಹೇಳಿದೆ: ಮನೆಯವರನ್ನೆಲ್ಲ ಅಪಘಾತದಲ್ಲಿ ಕಳೆದುಕೊಂಡ ಧರ್ಮ, ಅವನ ಬಾಳಿಗೆ ಬರುವ ಒಂದು ನಾಯಿ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಅದನ್ನು ನೋಡಿ, ತೀರಿಹೋದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರೇ ಅತ್ತರು. ಸರ್ಕಾರ ಚಿತ್ರಕ್ಕೆ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಅಳುವಿಗೆ ತೆರಿಗೆ ಬೇಡವೆಂದು ತೀರ್ಮಾನವಾದದ್ದು ನನಗಂತೂ ನ್ಯಾಯವಾಗಿಯೇ ಕಂಡಿತು. ಅದನ್ನೂ ಮೊಬೈಲಿನಲ್ಲೇ ಹಾಕಲು ಹೋದರೆ ದೊಡ್ಡವ್ವ ಬೇಡವೆಂದಳು.

‘ಮನೇಲಿ ಕೂತ್ಕಂಡು ಹೆಂಗ ಅಳದು? ಸೊಸೆ ನೋಡ್ತಳ. ಟಾಕೀಸ್‌ಗ್ ಕರ್ಕಂಡೋಗು.’

ಈಗೆಲ್ಲ ಮೈಸೂರಿನ ಮಾಲ್‌ಗೇ ಹೋಗಬೇಕು, ಟಿಕೆಟ್ಟು ಇನ್ನೂರು ರೂಪಾಯಿಯಾದರೂ ಆಗುತ್ತದೆ ಅಂದೆ. ದೊಡ್ಡವ್ವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದಳು.

‘ಅಷ್ಟ್ ದುಡ್ಡಿಗ ಎಲ್ಡು ಆಟ ಕೂರುಸ್ತರಾ, ಕೇಳು.’