ಹೊಸ ಸಿಪಿಯು, ಹಳೆ ವೇಷ

ಮಿರ್ಜಾನ,
ಜುಲೈ ತಿಂಗಳ ಒಂದು ಮಳೆ ಸಂಜೆ

ಪ್ರಿಯ ಗೆಳೆಯರೇ,

ಕಾಗದ ತಲುಪಿತು. "ಇನ್ನೂ ಎಕ್ಸ್‌ಪಿಯಲ್ಲೇ ಇದ್ದೀರಾ ಮಾರಾಯ್ರೆ?" ಎಂದು ನಕ್ಕಿದ್ದೀರಿ. ನಗಿ. ಆದರೆ ಮೊದಲು ನನ್ನ ಪಾಡು ಕೇಳಿ.

ಇಲ್ಲಿ ಅಘನಾಶಿನಿ ಕೆಂಪಾಗಿ ಹರಿಯುತ್ತಿದೆ, ಕೋಟೆಯ ಚಿರೆಕಲ್ಲಿಗೆಲ್ಲ ಹಾವಸೆ. ಜೂನ್ ಮೊದಲ ವಾರದ ಸಿಡಿಲಿಗೆ ನನ್ನ ಹಳೆ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ಹಾರ್ಡ್ ಡಿಸ್ಕ್ ಉಳಿಯಿತು, ಪುಣ್ಯ. ಹದಿನೆಂಟು ವರ್ಷದ ದುಡಿಮೆ ಅದರಲ್ಲಿದೆ: ಲಗ್ನಪತ್ರಿಕೆ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ. ಎಲ್ಲವೂ ಪುಟ ಕಟ್ಟುವ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ. 2001ರಲ್ಲಿ ಬಂದ ಆ ಏಳರ ಮುಂದೆ ಎಂಟು ಬರಲೇ ಇಲ್ಲ. ನುಡಿಯ ಆ ಫಾಂಟಿನಲ್ಲೋ, ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರ. ಕನ್ನಡ ಬರೀ ಮುಖಕ್ಕೆ ಬಳಿದ ಬಣ್ಣ. ಯೂನಿಕೋಡಿಗೆ ದಾಟಿಸುವ ತಂತ್ರಾಂಶಗಳಿವೆ. ಅಕ್ಷರ ದಾಟುತ್ತದೆ, ಕಟ್ಟಿದ ಪುಟ ಈ ದಡದಲ್ಲೇ ಉಳಿಯುತ್ತದೆ.

ಕುಮಟೆಯಿಂದ ಹೊಸ ಸಿಪಿಯು ತಂದೆ. ಆ ಹಳೆ ಕೆಲಸ ತೆರೆಯಲೆಂದು ವಿಂಡೋಸ್ ಎಕ್ಸ್‌ಪಿಯ ಸಿಡಿ ಹಾಕಿದೆ. ನೀಲಿ ಪರದೆ! ಈಗಿನ ಡಿಸ್ಕುಗಳು ಎಎಚ್‌ಸಿಐ ಎಂಬ ಕ್ರಮದಲ್ಲಿ ಮಾತಾಡುತ್ತವೆ; ಎಕ್ಸ್‌ಪಿಗೆ ಗೊತ್ತಿರುವುದು ಐಡಿಇ. ಮೊದಲೆಲ್ಲ ಬಯೋಸಿಗೆ ಹೋಗಿ ಐಡಿಇ ಆರಿಸಿದರೆ ಕೆಲಸ ಆಗುತ್ತಿತ್ತು. ಈ ಬೋರ್ಡಿನಲ್ಲಿ ಆ ಆಯ್ಕೆಯೇ ಇಲ್ಲ.

ವಿಂಡೋಸ್ 7 ಆದರೂ ಕೂರಲಿ ಎಂದರೆ, ಭಾಷೆ ಆರಿಸುವ ಪರದೆಯಲ್ಲೇ ಯುಎಸ್‌ಬಿಯ ಮೌಸು, ಕೀಬೋರ್ಡು ಎರಡೂ ಸತ್ತವು. ಕೆಟ್ಟದ್ದಲ್ಲ, ಏಳಕ್ಕೆ ಅವುಗಳ ಗುರುತೇ ಇಲ್ಲ. ಅದು ಬಂದದ್ದು 2009ರಲ್ಲಿ, ಯುಎಸ್‌ಬಿ 3 ಬಳಕೆಗೆ ಬರುವ ಮೊದಲು. ಸುಮಾರು 2015ರಿಂದೀಚೆಗೆ ಇಂಟೆಲ್ ಹಳೆ ಯುಎಸ್‌ಬಿಯ ನಿಯಂತ್ರಕವನ್ನೇ ಚಿಪ್ಪಿನಿಂದ ತೆಗೆದಿದೆ. ಅಟ್ಟ ಹತ್ತಿ, ಉರುಟು ಪಿನ್ನಿನ ಹಳೇ ಕೀಬೋರ್ಡು ಇಳಿಸಿ ಚುಚ್ಚಿದೆ. ತಟ್ಟನೆ ಎದ್ದಿತು! ಆ ಹೊತ್ತಿನ ಸಂತೋಷ ನಿಮಗೆ ಹೇಳಿ ಪ್ರಯೋಜನವಿಲ್ಲ. ಏಳು ಕೂತಿತು, ಆದರೆ ಗ್ರಾಫಿಕ್ಸಿಗೆ ಡ್ರೈವರ್ ಇಲ್ಲದೆ ಅಕ್ಷರಗಳೆಲ್ಲ ದೊಣ್ಣೆ ಗಾತ್ರ.

ಕೊನೆಗೆ ದಾರಿ ತೋರಿಸಿದವ ಪಕ್ಕದ ಮನೆಯ ಕಾಲೇಜು ಹುಡುಗ. ಏಳನ್ನು ತೆಗೆದು ಹೊಸ ವಿಂಡೋಸನ್ನೇ ಕೂರಿಸಿ, ಅದರೊಳಗೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರು ಮಾಡುವ ವರ್ಚುವಲ್‌ಬಾಕ್ಸ್ ಹಾಕಿದ. ಅದು 1990ರ ದಶಕದ ಇಂಟೆಲ್ ಚಿಪ್ಪಿನ ವೇಷ ಕಟ್ಟಿಕೊಂಡು ರಂಗಕ್ಕೆ ಬರುತ್ತದೆ; ಎಕ್ಸ್‌ಪಿ ನಂಬಿ ಕೂತುಬಿಟ್ಟಿತು. 16 ಜಿಬಿ ರ್‍ಯಾಮಿನಲ್ಲಿ ಅದಕ್ಕೆ ಒಂದೇ ಜಿಬಿ ಕೊಟ್ಟಿದ್ದೇನೆ, ಅದೇ ಹೆಚ್ಚಾಯಿತು. ನೆಟ್ ಮಾತ್ರ ಕೊಟ್ಟಿಲ್ಲ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಆರೈಕೆ ಬಿಟ್ಟಿದೆ, ಬಾಗಿಲಿಲ್ಲದ ಮನೆ ಅದು. ಪಿಡಿಎಫ್ ಮಾಡಿ ಹಂಚಿಕೆಯ ಫೋಲ್ಡರಿಗೆ ಹಾಕಿದರೆ ಹೊರಗಿನ ವಿಂಡೋಸ್ ಪ್ರೆಸ್ಸಿಗೆ ಕಳಿಸುತ್ತದೆ.

ಹೊಸ ಬೋರ್ಡಿನ ಮೇಲೆ ನೇರವಾಗಿ ಹಳೆಯದನ್ನು ಕೂರಿಸುವುದು ಬರೀ ಹಟ; ಹತ್ತು ದಿನ ಹಟ ಮಾಡಿದವನೇ ಹೇಳುತ್ತಿದ್ದೇನೆ. ನಿನ್ನೆ 2009ರ ಒಂದು ಲಗ್ನಪತ್ರಿಕೆ ತೆರೆದೆ. ಒಂದು ಒತ್ತಕ್ಷರವೂ ಜಾರಿರಲಿಲ್ಲ.

ಮಳೆ ಬಿಟ್ಟ ಮೇಲೆ ಕೋಟೆ ನೋಡಲು ಬರುತ್ತೇನೆ ಎಂದಿದ್ದೀರಲ್ಲ, ನಿಮ್ಮಲ್ಲಿ ಎಕ್ಸ್‌ಪಿ ಸಿಡಿ ಉಳಿದಿದ್ದರೆ ಮರೆಯದೆ ತನ್ನಿ. ನನ್ನದಕ್ಕೆ ಬೂಷ್ಟು ಹಿಡಿದಿದೆ, ಮೂರನೇ ಸಲಕ್ಕೆ ಓದಿತು.

ನಿಮ್ಮವ