ತೇನಿಯ ಹಾದಿಯಲ್ಲೊಂದು ನೇತ್ರಶಾಲೆ

ಮೈಸೂರಿನಿಂದ ತೂತ್ತುಕ್ಕುಡಿಗೆ ಹೋಗುವ ರೈಲು ಸಾಯಂಕಾಲ ಹೊರಟು, ಬೆಂಗಳೂರು, ಸೇಲಂ, ಕರೂರುಗಳನ್ನು ಕತ್ತಲೆಯಲ್ಲಿಯೇ ದಾಟಿ, ಬೆಳಗಾಗುವ ಹೊತ್ತಿಗೆ ದಿಂಡಿಗಲ್ಲಿನ ಬಂಡೆಗೋಟೆಯ ದರ್ಶನ ಮಾಡಿಸಿ, ಅನಂತರ ನಮ್ಮನ್ನು ಮಧುರೆಯಲ್ಲಿ ಇಳಿಸುತ್ತದೆ. ಮಧುರೆಯ ಅಧಿದೇವತೆ ಮೀನಾಕ್ಷಿ; ಎಂದರೆ ಮೀನಿನಂಥ ಕಣ್ಣುಳ್ಳವಳು. ಮೀನು ತನ್ನ ಮರಿಗಳನ್ನು ನೋಟಮಾತ್ರದಿಂದಲೇ ಪೋಷಿಸುವುದೆಂಬುದು ನಮ್ಮ ಪೂರ್ವಿಕರ ನಂಬಿಕೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಒಪ್ಪಲಾರರು. ಆದರೆ ತಾಯಿಯೆಂಬವಳ ಕೆಲಸದಲ್ಲಿ ಅರ್ಧ ಪಾಲು ಕಣ್ಣಿಟ್ಟು ನೋಡುತ್ತಿರುವುದೇ ಅಲ್ಲವೆ? ಇಂಥ ಊರಿನಲ್ಲಿ ಲೋಕಪ್ರಸಿದ್ಧವಾದ ಕಣ್ಣಿನ ಆಸ್ಪತ್ರೆಯೊಂದು ಹುಟ್ಟಿದುದು ಕಾಕತಾಳೀಯವೇ ಇರಬಹುದು.

ಆ ಆಸ್ಪತ್ರೆಯೇ ಅರವಿಂದ. ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಗಳು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಬಳಿಕ, 1976ರಲ್ಲಿ, 11 ಹಾಸಿಗೆಗಳಿಂದ ಇದನ್ನು ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದುವು. ಆ ಬೆರಳುಗಳಿಂದಲೇ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡಿ, ಅಸಂಖ್ಯಾತ ಜನರ ಕಣ್ಣಿನ ಪೊರೆ ತೆಗೆದರು. ನಿವೃತ್ತಿಯ ತರುವಾಯ ಪಂಚಾಂಗವನ್ನೂ ಪತ್ರಿಕೆಯನ್ನೂ ಹಿಡಿದು ಜಗುಲಿಯಲ್ಲಿ ಕುಳಿತಿರುವ ನನ್ನಂಥವರು ಈ ಸಂಗತಿಯನ್ನು ಮೆಲ್ಲಗೆ ಓದಿ ಮುಂದಕ್ಕೆ ಹೋಗುವುದು ಕ್ಷೇಮ.

ನಾವು ಹೋದುದು ಆಸ್ಪತ್ರೆಗಾಗಿ ಅಲ್ಲ. ನಮ್ಮ ಅಕ್ಕನ ಮಗಳೂ ಅಳಿಯನೂ ತೇನಿಯಲ್ಲಿ ಸಂಸಾರ ಹೂಡಿದ್ದಾರೆ. ಅವರನ್ನು ನೋಡಿಕೊಂಡು ರಾಮೇಶ್ವರಕ್ಕೆ ಹೋಗಿಬರುವುದೆಂದು ಅಕ್ಕನ ಸಂಕಲ್ಪ. ಅಳಿಯನು ರೈಲುನಿಲ್ದಾಣಕ್ಕೇ ಕಾರು ತಂದಿದ್ದನು. ಮಧುರೆಯಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ನಾಗಮಲೆಯ ಉದ್ದನೆಯ ಗುಡ್ಡ ಜೊತೆಗೆ ಬರುತ್ತದೆ. ಆಮೇಲೆ ಮಲ್ಲಿಗೆಯ ತೋಟಗಳು, ತೆಂಗಿನ ತೋಪುಗಳು, ದೂರದಲ್ಲಿ ನೀಲಿಯಾದ ಮಲೆಯ ಸಾಲು. ಆ ಹಾದಿಯ ಒಂದು ಸಣ್ಣ ಊರಿನಲ್ಲಿ ಅಳಿಯನು ಕಾರು ನಿಲ್ಲಿಸಿ, “ಅತ್ತೆ, ಇಲ್ಲಿ ಒಂದು ಗಳಿಗೆ ಇಳಿಯಿರಿ” ಎಂದನು. ಅದು ಅರವಿಂದದವರ ಕಣ್ಣಿನ ಕೇಂದ್ರ.

ಅಕ್ಕನಿಗೆ ಈಗ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆಗೆ ಹದಿನೆಂಟು. “ಕನ್ನಡಕ ಹಾಕಿದರೆ ಮೊಳಗಟ್ಟಲೆ ಹೂ ಕಟ್ಟುತ್ತೇನೆ, ನನ್ನ ಕಣ್ಣಿಗೇನು ಬಂದಿದೆ?” ಎಂಬುದು ಅವಳ ವಾದ. ಈ ರೋಗದ ಕಪಟವಿರುವುದೇ ಇಲ್ಲಿ. ಮಧುಮೇಹವು ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿರುವ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತ ಬರುವಾಗ ನೋವಿಲ್ಲ, ಉರಿಯಿಲ್ಲ, ಬಹುಕಾಲ ದೃಷ್ಟಿಯೂ ಮಂಜಾಗುವುದಿಲ್ಲ. ರೋಗಿಗೆ ತಿಳಿಯುವ ಹೊತ್ತಿಗೆ ಹೋದದ್ದು ಹೋಗಿರುತ್ತದೆ. ಮೊದಲೇ ಕಂಡರೆ ಲೇಸರ್ ಕಿರಣದಿಂದಲೋ ಚುಚ್ಚುಮದ್ದಿನಿಂದಲೋ ಉಳಿದದ್ದನ್ನು ಕಾಯಬಹುದು. ಆದಕಾರಣ ಮಧುಮೇಹಿಗಳೆಲ್ಲರೂ ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗವನ್ನು ತೋರಿಸಬೇಕು. 2023ರಲ್ಲಿ ಪ್ರಕಟವಾದ ಗಣನೆಯಂತೆ ಭಾರತದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಹೆಚ್ಚು. ಅಷ್ಟು ಕಣ್ಣುಗಳನ್ನು ನೋಡಲು ನೇತ್ರವೈದ್ಯರನ್ನು ಎಲ್ಲಿಂದ ತರುವುದು?

ಇಲ್ಲಿಯೇ ಕೃತಕ ಬುದ್ಧಿಮತ್ತೆಯ ಪ್ರವೇಶ. ‘ಕೃತಕ’ವೆಂದೊಡನೆ ನಾವು ಹುಸಿಯೆಂದು ತಿಳಿಯುತ್ತೇವೆ, ತರ್ಕಶಾಸ್ತ್ರದಲ್ಲಿ ಮಾಡಲ್ಪಟ್ಟದ್ದು ಎಂದಷ್ಟೇ ಅದರ ಅರ್ಥ. ಗೂಗಲ್ ಸಂಸ್ಥೆಯವರು ಈ ಗಣಕಯಂತ್ರಕ್ಕೆ ವಿದ್ಯೆ ಕಲಿಸಿದ ಬಗೆಯನ್ನು 2016ರಲ್ಲಿ ಪ್ರಕಟಿಸಿದರು. ಅಕ್ಷಿಪಟಲದ 1,28,000ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು 54 ಮಂದಿ ವೈದ್ಯರು, ಒಂದೊಂದನ್ನೂ ಮೂರರಿಂದ ಏಳು ಸಲ ನೋಡಿ, ರೋಗವುಂಟು, ಇಲ್ಲ, ಇಷ್ಟು ಉಂಟು ಎಂದು ಗುರುತು ಹಾಕಿದರು. ಚಿತ್ರಗಳು ಬಂದುದು ಅಮೆರಿಕದಿಂದಲೂ ಭಾರತದ ಮೂರು ಆಸ್ಪತ್ರೆಗಳಿಂದಲೂ. ಅವುಗಳಲ್ಲಿ ಅರವಿಂದವೊಂದು, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ ಇನ್ನೊಂದು. ಯಂತ್ರಕ್ಕೆ ಸೂತ್ರವನ್ನು ಯಾರೂ ಬೋಧಿಸಲಿಲ್ಲ. ಚಿತ್ರ, ಉತ್ತರ, ಚಿತ್ರ, ಉತ್ತರ, ತಪ್ಪಿದರೆ ತಿದ್ದುವುದು. ಅಷ್ಟಾಧ್ಯಾಯಿಯನ್ನು ಕಂಠಪಾಠ ಮಾಡಿ ಬೆಳೆದ ನನಗೆ ಇದು ಮೊದಲು ಶಾಸ್ತ್ರವಿರುದ್ಧವೆನಿಸಿತು. ಬಳಿಕ, ಮಕ್ಕಳೆಲ್ಲರೂ ತಾಯಿನುಡಿಯನ್ನು ಕಲಿಯುವುದು ಹೀಗೆಯೇ ಎಂಬುದು ಹೊಳೆಯಿತು. 2019ರಿಂದ 2023ರವರೆಗೆ ತಮಿಳುನಾಡಿನ 45 ಸ್ಥಳಗಳಲ್ಲಿ ಈ ಯಂತ್ರವು ಆರು ಲಕ್ಷಕ್ಕೂ ಮಿಕ್ಕ ಜನರ ಕಣ್ಣುಗಳನ್ನು ನೋಡಿದೆ.

ಕೇಂದ್ರವೆಂದರೆ ಎರಡು ಮೂರು ಕೋಣೆಗಳು. ಒಳಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗಿ. ಹಳ್ಳಿಗಳ ಹೆಣ್ಣುಮಕ್ಕಳನ್ನು ಆರಿಸಿ, ಎರಡು ವರ್ಷ ತರಬೇತಿಯಿತ್ತು, ಈ ಕೆಲಸಕ್ಕೆ ನಿಲ್ಲಿಸುವುದು ಅರವಿಂದದವರ ಪದ್ಧತಿ. ಅಕ್ಕನಿಗೆ ತಮಿಳು ಬಾರದು. ಹುಡುಗಿ ಅವಳ ಗಲ್ಲವನ್ನು ಯಂತ್ರದ ಪಟ್ಟಿಯ ಮೇಲಿರಿಸಿ, “ನೇರಾ ಪಾರುಂಗಮ್ಮಾ” ಎಂದಳು. ಎಡಗಣ್ಣಿನ ಚಿತ್ರ ಬಂತು: ಕಿತ್ತಳೆ ಬಣ್ಣದ ಚಂದ್ರ, ಅದರಲ್ಲಿ ಮರದ ಕೊಂಬೆಗಳಂತೆ ನಾಳಗಳು. ಬಲಗಣ್ಣಿನದು ಮಸಕು, ಯಂತ್ರ ಅದನ್ನು ಒಪ್ಪಲಿಲ್ಲ.

ಈ ಮಸಕಿನ ವಿಷಯದಲ್ಲಿ ಥಾಯ್ಲೆಂಡಿನ ಅನುಭವವನ್ನು ಹೇಳಲೇಬೇಕು. ಅಲ್ಲಿಯ 11 ಚಿಕಿತ್ಸಾಲಯಗಳಲ್ಲಿ ಇದೇ ಗೂಗಲ್ಲಿನವರ ಯಂತ್ರವನ್ನಿಟ್ಟು ಪರೀಕ್ಷಿಸಿದಾಗ, ಐದರಲ್ಲಿ ಒಂದು ಚಿತ್ರವನ್ನು ಅದು ಸ್ಪಷ್ಟವಿಲ್ಲವೆಂದು ತಳ್ಳಿಹಾಕಿತೆಂದು 2020ರಲ್ಲಿ ಅವರೇ ಬರೆದರು. ಕಾರಣ ಬಹು ಸಾಮಾನ್ಯ: ಕೋಣೆಯಲ್ಲಿ ಬೆಳಕು ಹೆಚ್ಚು, ಕಣ್ಣಿನ ಪಾಪೆ ಹಿಗ್ಗಿಲ್ಲ. ಚಿತ್ರ ತಿರಸ್ಕೃತವಾದ ಬಡವನು ಇನ್ನೊಂದು ದಿನದ ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕು. ಪರೀಕ್ಷಾಗಾರದಲ್ಲಿ ಮೊದಲ ದರ್ಜೆಯಲ್ಲಿ ಉತ್ತೀರ್ಣವಾದ ಯಂತ್ರ ಕಿಟಕಿಯ ಬಿಸಿಲಿಗೆ ಸೋತಿತು.

ಇಲ್ಲಿ ಹುಡುಗಿ ಎದ್ದು ಕಿಟಕಿ ಮುಚ್ಚಿದಳು, ಬಾಗಿಲಿನ ಸಂದಿಗೆ ಬಟ್ಟೆ ತುರುಕಿದಳು, ದೀಪ ಆರಿಸಿದಳು. ಅಕ್ಕನ ಕೈ ನಡುಗುತ್ತಿದ್ದುದನ್ನು ಕಂಡು, ತನ್ನ ಕೈಯಲ್ಲಿ ಹಿಡಿದುಕೊಂಡು ಕತ್ತಲೆಯಲ್ಲಿ ಸುಮ್ಮನೆ ಕುಳಿತಳು. ಪಾಪೆ ತಾನಾಗಿ ಹಿಗ್ಗಿದ ಮೇಲೆ ತೆಗೆದ ಚಿತ್ರ ಸ್ವಚ್ಛವಾಗಿತ್ತು. ಬಲಗಣ್ಣು ಮೇಲು. ಎಡಗಣ್ಣಿನಲ್ಲಿ ರೋಗ ಬಲಿತಿದೆಯೆಂದು ಯಂತ್ರ ಕ್ಷಣಮಾತ್ರದಲ್ಲಿ ಸೂಚಿಸಿತು.

ಮಧುರೆಯ ವೈದ್ಯೆಯೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡು, ಚಿತ್ರವನ್ನು ತಾವೂ ನೋಡಿ, ಒಂದು ವಾರದೊಳಗೆ ಲೇಸರ್ ಆಗಬೇಕೆಂದರು. ಅಕ್ಕ ಅಳಿಯನ ಮೂಲಕ ಕೇಳಿಸಿದಳು: “ಇದನ್ನು ಯಂತ್ರ ಹೇಳಿತೋ, ತಾವು ಹೇಳುತ್ತೀರೋ?” ಅವರು ನಕ್ಕು, “ಯಂತ್ರ ಕರೆದು ತೋರಿಸಿತಮ್ಮ, ಹೇಳುತ್ತಿರುವವಳು ನಾನು” ಎಂದರಂತೆ.

ರಾಮೇಶ್ವರ ಮುಂದಕ್ಕೆ ಹೋಯಿತು. ನಾಲ್ಕನೆಯ ದಿನ ಮಧುರೆಯಲ್ಲಿ ಲೇಸರ್ ನಡೆಯಿತು. ಮೂರು ತಿಂಗಳ ಮೇಲೆ ಮತ್ತೊಮ್ಮೆ ತೋರಿಸಬೇಕು, ಮೈಸೂರಿನಲ್ಲಿಯೇ ತೋರಿಸಿದರೂ ಸಾಕು ಎಂದು ಚೀಟಿ ಕೊಟ್ಟರು. ಅಕ್ಕ ಅದನ್ನು ಮಡಿಸಿ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟುಕೊಂಡು, “ಮೈಸೂರು ಬೇಡ ಕಣೋ, ಆ ಹುಡುಗಿಯ ಹತ್ತಿರವೇ ಹೋಗೋಣ, ಈಗಲೇ ಟಿಕೆಟು ತೆಗೆಸಿಬಿಡು” ಎಂದಳು.